ಇಂಗಳದಾಳದ ತಾಮ್ರ ಹುಟ್ಟಿದ್ದೆಲ್ಲಿ?

ಪ್ರಶ್ನೆ: ಸರ್, ನಮ್ಮೂರ ಹತ್ತಿರದ ಇಂಗಳದಾಳದಲ್ಲಿ ಹಿಂದೆ ತಾಮ್ರದ ಗಣಿ ಇತ್ತು. ಆ ತಾಮ್ರವೂ ಮಹಾಸ್ಫೋಟದಲ್ಲೇ ಹುಟ್ಟಿದ್ದಾ?
– ಪಿಯುಸಿ ವಿದ್ಯಾರ್ಥಿನಿ, ಚಿತ್ರದುರ್ಗ

ಉತ್ತರ: ಇಲ್ಲಮ್ಮ. ಮಹಾಸ್ಫೋಟ ಆಗಿದ್ದು ಸುಮಾರು 1,380 ಕೋಟಿ ವರ್ಷಗಳ ಹಿಂದೆ. ಮೊದಲ ಕೆಲವೇ ನಿಮಿಷಗಳಲ್ಲಿ ತಯಾರಾದದ್ದು ಹೈಡ್ರೋಜನ್, ಹೀಲಿಯಂ, ಚೂರೇ ಚೂರು ಲಿಥಿಯಂ. ಅಷ್ಟೇ. ಅಷ್ಟರಲ್ಲಿ ವಿಶ್ವ ಹಿಗ್ಗಿ ತಣ್ಣಗಾಗಿಬಿಟ್ಟಿತು.

ಮೊದಲ ನಕ್ಷತ್ರಗಳು ಬೆಳಗಿದ್ದು ಹತ್ತಿಪ್ಪತ್ತು ಕೋಟಿ ವರ್ಷ ಕಳೆದ ಮೇಲೆ. ಅನಿಲದ ಮೋಡಗಳು ತಮ್ಮ ಭಾರಕ್ಕೇ ಕುಸಿದು ನಡುವೆ ಬಿಸಿ ಏರಿತು. ಹೈಡ್ರೋಜನ್ ಬೆಸೆದು ಹೀಲಿಯಂ, ಹೀಲಿಯಂ ಬೆಸೆದು ಇಂಗಾಲ, ಹೀಗೆ ದೊಡ್ಡ ನಕ್ಷತ್ರಗಳಲ್ಲಿ ಕಬ್ಬಿಣದವರೆಗೂ ನಡೆಯುತ್ತದೆ. ಕಬ್ಬಿಣ ಬೆಸೆದರೆ ಶಕ್ತಿ ಸಿಗುವುದಿಲ್ಲ. ಅಲ್ಲಿಗೆ ಒಲೆ ಆರಿತು.

ತಾಮ್ರ ಕಬ್ಬಿಣಕ್ಕಿಂತ ಭಾರ, ಅಲ್ವಾ? ನನಗೆ ತುಂಬ ಇಷ್ಟವಾದ ಭಾಗವೇ ಇದು. ಹಳೆಯ ನಕ್ಷತ್ರಗಳು ಬಿಟ್ಟುಹೋದ ಕಬ್ಬಿಣ ಹೊಸ ನಕ್ಷತ್ರದೊಳಗೆ ಮೊದಲೇ ಇರುತ್ತದೆ. ಅದು ಒಂದೊಂದೇ ನ್ಯೂಟ್ರಾನ್ ಹಿಡಿದುಕೊಳ್ಳುತ್ತಾ ನಿಧಾನಕ್ಕೆ ದಪ್ಪವಾಗುತ್ತದೆ. ನಡುನಡುವೆ ಒಂದು ನ್ಯೂಟ್ರಾನ್ ಪ್ರೋಟಾನ್ ಆಗಿ ಬದಲಾಗುತ್ತದೆ. ಕಬ್ಬಿಣದ 26 ಪ್ರೋಟಾನ್ 29 ಆದರೆ ಅದೇ ತಾಮ್ರ! ಜಗತ್ತಿನ ತಾಮ್ರದಲ್ಲಿ ಜಾಸ್ತಿ ಪಾಲು ಹೀಗೇ ಆಗಿದ್ದು. ಈ ದಾರಿಯನ್ನು ವಿಜ್ಞಾನಿಗಳಾದ ಬರ್ಬಿಜ್ ದಂಪತಿ, ಫೌಲರ್ ಮತ್ತು ಹಾಯ್ಲ್ 1957ರಲ್ಲೇ ವಿವರವಾಗಿ ಬರೆದರು. ನನ್ನ ಮೇಜಿನ ಮೇಲೆ ಇಂಗಳದಾಳದ ಒಂದು ಕಲ್ಲಿದೆ. ಅದರ ಅಂಚಿಗೆ ಹಸಿರು ಹಿಡಿದಿರುವುದು ಈ ತಾಮ್ರದಿಂದಲೇ.

ಕೊನೆಗೆ ನಕ್ಷತ್ರ ಸಿಡಿದು ಎಲ್ಲವೂ ಆಕಾಶಕ್ಕೆ ಚೆಲ್ಲುತ್ತದೆ. ಅಂಥ ನಕ್ಷತ್ರ ನೋಡಬೇಕಾ? ಜನವರಿ ರಾತ್ರಿ ಕೆಂಪಗೆ ಕಾಣುವ ಆರಿದ್ರಾ ನೋಡಮ್ಮ, ನಮ್ಮ ರೈತರು ಮಳೆಗೆ ಹೆಸರಿಟ್ಟುಕೊಂಡ ಅದೇ ಆರಿದ್ರಾ. ಸುಮಾರು ಒಂದು ಲಕ್ಷ ವರ್ಷದೊಳಗೆ ಅದೂ ಸಿಡಿಯುತ್ತದೆ ಎಂಬ ಲೆಕ್ಕಾಚಾರವಿದೆ.