ಮೆಕ್ಸಿಕೊ ಸಿಟಿಗೆ ಬರೋ ಮುಂಚೆ ಕೇಳಬೇಕಾದ ಇಪ್ಪತ್ತು ಹಾಡು

ನೀವು ಕೇಳಿದ್ದು ಎರಡು ಪ್ರಶ್ನೆ. ಎರಡು ವರ್ಷದ ಕೆಲಸಕ್ಕೆ ಬೆಂಗಳೂರಿಂದ ಮೆಕ್ಸಿಕೊ ಸಿಟಿಗೆ ಬರ್ತಿದ್ದೀರಿ, ಆ್ಯಪ್‌ನಲ್ಲಿ ಆರು ತಿಂಗಳು ಸ್ಪ್ಯಾನಿಷ್ ಕಲಿತರೂ ಜನ ಮಾತಾಡಿದ್ದು ಕಿವಿಗೆ ಹತ್ತುತ್ತಿಲ್ಲ, ಏನು ಮಾಡೋದು? ಇನ್ನೊಂದು, ಮೆಕ್ಸಿಕೊದ ರಾಕ್ ಬ್ಯಾಂಡ್ ಕಫೆ ತಕೂಬಾದ ‘ರೆ’ ಆಲ್ಬಮ್ ಕೇಳು ಅಂತ ಯಾರೋ ಹೇಳಿದರು, ಆದರೆ ಒಂದೊಂದು ಹಾಡು ಒಂದೊಂದು ಬ್ಯಾಂಡಿನದು ಅನ್ನಿಸ್ತಿದೆ, ಎಲ್ಲಿಂದ ಶುರು ಮಾಡಲಿ? ಎರಡನೆಯದಕ್ಕೆ ಉತ್ತರ ಸಿಕ್ಕರೆ ಮೊದಲನೆಯದು ಅರ್ಧ ಬಗೆಹರಿದ ಹಾಗೆ.

ಹಾಗೆ ಅನ್ನಿಸೋದೇ ಆ ಆಲ್ಬಮ್‌ನ ದೊಡ್ಡತನ. 1994ರಲ್ಲಿ ಬಂದದ್ದು, ಇಪ್ಪತ್ತು ಹಾಡಿವೆ. ಬ್ಯಾಂಡಿನ ನಾಲ್ಕೂ ಜನ ನಗರದ ಅಂಚಿನ ಸಿಯುದಾದ್ ಸತೇಲಿತೆ ಬಡಾವಣೆಯ ಹುಡುಗರು, ನಿರ್ಮಾಪಕ ಅರ್ಜೆಂಟೀನಾದ ಗುಸ್ತಾವೊ ಸಾಂತಾವೊಲಾಯಾ. ಉತ್ತರ ಮೆಕ್ಸಿಕೊದ ಪೋಲ್ಕಾ ತಾಳ, ವೆರಾಕ್ರೂಸ್ ಕಡೆಯ ಹಳ್ಳಿ ಸಂಗೀತ, ಬೊಲೇರೊ ಅನ್ನೋ ಹಳೇ ಪ್ರೇಮಗೀತೆ, ಊರಹಬ್ಬದ ಬ್ಯಾಂಡ್‌ಸೆಟ್, ಡಿಸ್ಕೊ, ಕಿವಿ ಹರಿಯೋ ಮೆಟಲ್, ಎಲ್ಲಾ ಒಂದೇ ತಟ್ಟೆಯಲ್ಲಿವೆ. ಈ ದೇಶದಲ್ಲಿ ಮುಂದೆ ಬಸ್ಸು, ಮದುವೆ, ಸಂತೆಗಳಲ್ಲಿ ನಿಮ್ಮ ಕಿವಿಗೆ ಬೀಳೋದು ಬಹುಪಾಲು ಇದೇ ಜಾತಿಯ ಸಂಗೀತ. ಆಗ ಬ್ಯಾಂಡಿನಲ್ಲಿ ಡ್ರಮ್ಮರ್ ಇರಲಿಲ್ಲ, ಡ್ರಮ್ ಮಷೀನ್ ಬಳಸ್ತಿದ್ದರು. ಇದು ಕಲಿಯೋರಿಗೆ ಒಳ್ಳೇದೇ ಆಯ್ತು. ತಾಳ ಅಲುಗಾಡಲ್ಲ, ಮಾತು ಎಲ್ಲಿ ಬಿತ್ತು ಅಂತ ಸ್ಪಷ್ಟವಾಗಿ ಗೊತ್ತಾಗುತ್ತೆ.

ಹುಡುಕುವಾಗ ಒಂದು ತೊಡಕಿದೆ. ಬ್ಯಾಂಡಿನ ಹೆಸರಲ್ಲಿ ‘ಯು’ ಅಕ್ಷರದ ಜಾಗದಲ್ಲಿ ‘ವಿ’ ಹಾಕಿ (Tacvba). ಬ್ಯಾಂಡಿಗೆ ಹೆಸರು ಕೊಟ್ಟದ್ದು ತಕೂಬಾ ಬೀದಿಯಲ್ಲಿ 1912ರಿಂದ ಇರೋ ಹೋಟೆಲು. ಕಾನೂನಿನ ತಕರಾರು ಬೇಡ ಅಂತ ಇವರು ಕಾಗುಣಿತ ಬದಲಿಸಿಕೊಂಡರು.

ಮೊದಲ ಹಾಡಿಂದ ಶುರು ಮಾಡಬೇಡಿ. ‘ಎಸಾ ನೋಚೆ’ಯಿಂದ ಶುರು ಮಾಡಿ. ನಿಧಾನದ ಬೊಲೇರೊ, ಒಂದೊಂದು ಪದವನ್ನೂ ಎಳೆದು ಹಾಡ್ತಾರೆ. ವಾರಕ್ಕೆ ಒಂದೇ ಹಾಡು. ಮೊದಲೆರಡು ದಿನ ಸಾಹಿತ್ಯ ನೋಡದೆ ದಿನಕ್ಕೆ ಮೂರು ಸಲ ಕೇಳಿ. ಮೂರನೇ ದಿನ ಸಾಹಿತ್ಯ ಇಟ್ಟುಕೊಂಡು ಗಟ್ಟಿಯಾಗಿ ಓದಿ. ಆಮೇಲೆ ಒಂದು ಚರಣ ಕೇಳಿಸಿಕೊಂಡು ಕೈಯಲ್ಲಿ ಬರೀರಿ, ಬೇಕಾದರೆ ಕನ್ನಡ ಲಿಪಿಯಲ್ಲೇ ಬರೀರಿ. ಇಂಗ್ಲಿಷ್ ಲಿಪಿಯಲ್ಲಿ ಬರೆದರೆ ಇಂಗ್ಲಿಷ್ ಉಚ್ಚಾರಣೆ ನುಸುಳಿಕೊಂಡು ಬರುತ್ತೆ.

ಉಚ್ಚಾರಣೆ ವಿಷಯಕ್ಕೆ ಬಂದರೆ ಕನ್ನಡದವರು ನಿಜಕ್ಕೂ ಪುಣ್ಯವಂತರು. ಹ್ರಸ್ವ ಎ, ಒ ನಮ್ಮಲ್ಲಿ ಇದ್ದೇ ಇವೆ. ಸ್ಪ್ಯಾನಿಷ್‌ನ ತ, ದ ಹಲ್ಲಿಗೆ ನಾಲಿಗೆ ತಾಗಿಸಿ ಹೇಳೋ ನಮ್ಮ ತ, ದ ಗಳೇ. ಆದರೂ ನಮ್ಮವರು ಎಡವೋದು ಅಲ್ಲೇ, ಯಾಕಂದ್ರೆ ಲ್ಯಾಟಿನ್ ಅಕ್ಷರ ಕಂಡ ತಕ್ಷಣ ಬಾಯಿ ಇಂಗ್ಲಿಷಿಗೆ ತಿರುಗಿ ಟ, ಡ ಬರುತ್ತೆ. ಬೆಂಗಳೂರಲ್ಲಿ ಮೆಟ್ರೊ, ಇಲ್ಲಿ ಮೆತ್ರೊ. ಎರಡನೇ ತಪ್ಪು ಅಪ್ಪಟ ನಮ್ಮದು. ‘ಎಲೆ’ಯನ್ನು ‘ಯೆಲೆ’ ಅನ್ನೋ ಅಭ್ಯಾಸ. ‘ಎಸೊ’ ಅಂದ್ರೆ ಅದು. ‘ಯೆಸೊ’ ಅಂದ್ರೆ ಗೋಡೆಗೆ ಬಳಿಯೋ ಪ್ಲಾಸ್ಟರ್! ಮೂರನೇದು, ಪದದ ಕೊನೆಗೆ ಉಕಾರ ಸೇರಿಸೋದು. ‘ಉಸ್ತೆದ್’ (ನೀವು) ಅನ್ನೋದನ್ನ ‘ಉಸ್ತೆದು’ ಮಾಡಬೇಡಿ, ಆ ಕೊನೆಯ ದ್ ಹಗುರವಾಗಿ ಬಿಟ್ಟುಬಿಡಿ. ಇನ್ನು ಪೆರೊ ಅಂದ್ರೆ ಆದರೆ, ಪೆರ್ರೊ ಅಂದ್ರೆ ನಾಯಿ. ‘ಎಲ್ ಬೊರ್ರೇಗೊ’ ಹಾಡಿನ ಹೆಸರನ್ನೇ ಹತ್ತು ಸಲ ಹೇಳಿದರೆ ಆ ರ್ರ ಪಳಗುತ್ತೆ. ಹಾಡನ್ನು ಮಾತ್ರ ಕೊನೆಗೆ ಇಟ್ಟುಕೊಳ್ಳಿ, ಗದ್ದಲದಲ್ಲಿ ಮಾತು ಮುಳುಗಿಹೋಗುತ್ತೆ.

ಎರಡನೇ ವಾರ ‘ಎಲ್ ಮೆತ್ರೊ’. ಮೆಟ್ರೊ ಒಳಗೆ ಹೋದವನು ತಿಂಗಳುಗಟ್ಟಲೆ ಹೊರಗೆ ಬರಲಾಗದೆ ಅಲ್ಲೇ ಬದುಕೋ ಹಾಡು. ಅದರಲ್ಲಿ ‘ಯೇವೊ’ ಅಂತ ಶುರುವಾಗೋ ಒಂದು ವಾಕ್ಯದ ಜಾಡಿದೆ. ಯೇವೊ, ಆಮೇಲೆ ಕಾಲಾವಧಿ, ಆಮೇಲೆ ಕ್ರಿಯಾಪದದ ‘ಆಂದೊ’ ಅಥವಾ ‘ಯೆಂದೊ’ ರೂಪ. ‘ಇಷ್ಟು ದಿನದಿಂದ ಇದನ್ನ ಮಾಡ್ತಾ ಇದ್ದೀನಿ’ ಅನ್ನೋದಕ್ಕೆ. ಇಲ್ಲಿ ಪ್ರತಿಯೊಬ್ಬರೂ ನಿಮ್ಮನ್ನ ಕೇಳೋ ಪ್ರಶ್ನೆ ಎಷ್ಟು ದಿನ ಆಯ್ತು ಬಂದು ಅಂತ. ಉತ್ತರ ಆ ಹಾಡಲ್ಲೇ ಸಿದ್ಧವಾಗಿದೆ. ಹಾಡಲ್ಲಿ ಬರೋ ಪೀನೊ ಸುವಾರೆಸ್ ನಿಜವಾದ ನಿಲ್ದಾಣ. 1, 2ನೇ ಲೈನ್ ಕೂಡೋ ಜಾಗ. ಲೈನ್ ಬದಲಿಸೋ ದಾರಿಯಲ್ಲೇ, ಸುರಂಗ ಅಗೆಯುವಾಗ ಸಿಕ್ಕ ಅಸ್ತೆಕರ (ಅಜ್ಟೆಕ್ ಜನರ) ಗಾಳಿದೇವರು ಎಹೇಕಾತ್ಲ್‌ನ ದುಂಡನೆಯ ಗುಡಿ ಇದೆ, ನಿಂತು ನೋಡಿ. ಟಿಕೆಟ್ 5 ಪೆಸೊ, ಕಾರ್ಡ್ ಒಂದು ತಗೊಂಡು ರೀಚಾರ್ಜ್ ಮಾಡಿಸ್ತಾ ಇರಿ. ಜನ ಹೆಚ್ಚಿರೋ ಹೊತ್ತಲ್ಲಿ ಮುಂದಿನ ಬೋಗಿಗಳು ಹೆಂಗಸರು, ಮಕ್ಕಳಿಗೆ ಮೀಸಲು. ಹೊಸಬರು ಗೊತ್ತಿಲ್ಲದೆ ಹತ್ತಿ ಮುಜುಗರ ಪಡ್ತಾರೆ.

ಆಮೇಲೆ ‘ಲಾಸ್ ಫ್ಲೋರೆಸ್’, ‘ಎಲ್ ಬೈಲೆ ಇ ಎಲ್ ಸಲೋನ್’. ಎರಡೂ ಸಲೀಸು. ‘ತ್ರೋಪಿಕೊ ದೆ ಕಾನ್ಸೆರ್’ ಕೆಲಸ ಬಿಟ್ಟು ಹೊರಟ ಸಾಲ್ವದೋರ್‌ನನ್ನು ‘ತು’ ಅಂತ ಏಕವಚನದಲ್ಲಿ ಕೇಳೋ ಹಾಡು. ತು, ಉಸ್ತೆದ್ ಭೇದ ನಮ್ಮ ನೀನು, ನೀವು ಇದ್ದ ಹಾಗೇ. ಹಾಡಲ್ಲಿ ಕೇಳಿದ್ದೇ ಅಂತ ವಯಸ್ಸಾದ ವಾಚ್‌ಮನ್‌ಗೆ ತು ಅನ್ನಬೇಡಿ.

‘ಲಾ ಇಂಗ್ರಾತಾ’ ಬಗ್ಗೆ ಮಾತ್ರ ಎಚ್ಚರ. ತಾಳ ಕುಣಿಸುತ್ತೆ, ಎಲ್ಲರಿಗೂ ಬಾಯಿಪಾಠ. ಆದರೆ ಕೈಬಿಟ್ಟ ಹೆಣ್ಣಿಗೆ ಗುಂಡು ಹೊಡೀತೀನಿ ಅನ್ನೋ ಮಾತಿನವರೆಗೂ ಹೋಗುತ್ತೆ. ಹೆಂಗಸರ ಕೊಲೆಗಳು ಇಲ್ಲಿ ನಿತ್ಯದ ನೋವು. ಅದಕ್ಕೇ 2017ರಲ್ಲಿ ಬ್ಯಾಂಡಿನವರೇ ಅದನ್ನು ಇದ್ದ ಹಾಗೆ ಹಾಡೋದನ್ನು ನಿಲ್ಲಿಸಿದ್ದಾಗಿ ಹೇಳಿದರು, ಮುಂದೆ ಸಾಹಿತ್ಯ ಬದಲಿಸಿದರು. ತಮ್ಮ ಅತಿ ಜನಪ್ರಿಯ ಹಾಡನ್ನೇ ಹಾಗೆ ತಿದ್ದಿಕೊಂಡದ್ದು ದೊಡ್ಡ ವಿಷಯ. ಕೇಳಿ, ಕಲೀರಿ, ಆಫೀಸ್ ಪಾರ್ಟಿಯಲ್ಲಿ ನೀವಾಗಿ ಎತ್ತಿಕೊಳ್ಳಬೇಡಿ.

ಬಂದ ಮೇಲೆ ಒಂದು ಶನಿವಾರ ಬ್ವೆನಾವಿಸ್ತಾ ನಿಲ್ದಾಣದಲ್ಲಿ ಇಳಿದು ಎಲ್ ಚೋಪೊ ಸಂತೆಗೆ ಹೋಗಿ. 1980ರಿಂದ ನಡೀತಿರೋ ರಾಕ್ ಸಂತೆ. ಚಿಲ್ಲರೆ ನೋಟು ಇಟ್ಟುಕೊಂಡಿರಿ. ಹಳೇ ಸಿಡಿ ಆದರೆ ಹೊಳೆಯೋ ಬದಿಯನ್ನ ಬೆಳಕಿಗೆ ಓರೆಯಾಗಿ ಹಿಡಿದು ಗೀರು ನೋಡಿ. ಬೆಲೆ ಕೇಳುವಾಗ ‘ಕ್ವಾಂತೊ ಕ್ವೆಸ್ತಾ’ ಅನ್ನಿ, ತ ನಾಲಿಗೆಯಿಂದ ಹಲ್ಲಿಗೆ ತಾಗಲಿ.