ಸೀಟು ಬಿಟ್ಟುಬಿಡ್ಲಾ ಮೇಡಂ?

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ಸಲಹೆ ಕೇಳಿ ನನ್ನ ಬಳಿ ಬಂದ ಆಕೆಗೆ 26 ವರ್ಷ. ಸಿವಿಲ್ ಬಿ.ಇ. ಮುಗಿಸಿ ಮಂಡ್ಯ ಕಡೆ ರಸ್ತೆ ಕಾಮಗಾರಿಯಲ್ಲಿ ನಾಲ್ಕು ವರ್ಷ ಸೈಟ್ ಎಂಜಿನಿಯರ್. ಎಂ.ಟೆಕ್. ಪ್ರವೇಶಕ್ಕಿರುವ ಗೇಟ್ ಪರೀಕ್ಷೆ ಬರೆದು ಟ್ರಾನ್ಸ್‌ಪೋರ್ಟೇಶನ್ ಎಂಜಿನಿಯರಿಂಗ್‌ನಲ್ಲಿ ಎಂ.ಟೆಕ್. ಸೀಟು ಪಡೆದಿದ್ದಳು. ತರಗತಿಗೆ ಇನ್ನು ಮೂರೇ ವಾರ. ರಾತ್ರಿ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ.

ದುಡ್ಡಿನ ಚಿಂತೆ ಅಂದುಕೊಂಡೆ. ತಿಂಗಳಿಗೆ 28,000 ಸಂಬಳ ಬಿಟ್ಟು 12,400 ಸ್ಟೈಪೆಂಡ್‌ಗೆ ಬರಬೇಕು, ಅಲ್ವಾ? ಉಸಿರಾಟದ ಅಭ್ಯಾಸ ಹೇಳಿಕೊಟ್ಟು ಕಳಿಸಿದೆ. ಅದು ನನ್ನ ತಪ್ಪು, ಪೂರ್ತಿ ಕೇಳಿಸಿಕೊಂಡಿರಲಿಲ್ಲ.

ಎರಡನೇ ಸಲ ಬಂದಾಗ ಸಿಲಬಸ್ ತಂದಿದ್ದಳು. ಸ್ಟಾಟಿಸ್ಟಿಕ್ಸ್, ಟ್ರಾವೆಲ್ ಡಿಮಾಂಡ್ ಮಾಡೆಲಿಂಗ್ (ಎಷ್ಟು ಜನ ಎಲ್ಲಿಗೆ, ಹೇಗೆ ಓಡಾಡುತ್ತಾರೆ ಎಂಬ ಲೆಕ್ಕ) ಅನ್ನುವ ಸಾಲುಗಳ ಕೆಳಗೆ ಕೆಂಪು ಗೆರೆ. "ಟ್ರಾನ್ಸ್‌ಪೋರ್ಟೇಶನ್ ಅಂದ್ರೆ ರಸ್ತೆ ಹಾಕೋದು ಅಂದುಕೊಂಡಿದ್ದೆ ಮೇಡಂ. ಗೇಟ್‌ಗೆ ಉರು ಹೊಡೆದ ಲೆಕ್ಕ ಆಗಲೇ ಮರೆತಿದೆ. 22ರ ಹುಡುಗರ ಮುಂದೆ ದಡ್ಡಿ ಆಗ್ತೀನಿ."

ಸೈಟಲ್ಲಿ ಏನು ಮಾಡ್ತಿದ್ದೆ ಹೇಳಮ್ಮ ಅಂದೆ. ದನಿಯೇ ಬದಲಾಯಿತು. ಹಾಟ್ ಮಿಕ್ಸ್, ಅಂದರೆ ಬಿಸಿ ಡಾಂಬರು-ಜಲ್ಲಿ ಮಿಶ್ರಣ, ತಂದ ಟಿಪ್ಪರ್‌ಗೆ ಥರ್ಮಾಮೀಟರ್ ಚುಚ್ಚಿ, ಬಿಸಿ ಸಾಲದು ಎಂದು ಇಡೀ ಲೋಡ್ ವಾಪಸ್ ಕಳಿಸಿದ್ದಳಂತೆ. ಡ್ರೈವರ್ ಬೈದರೂ ಜಗ್ಗಿರಲಿಲ್ಲ.

ಈ ಓದಿನಲ್ಲಿ ಎರಡು ದಾರಿ ಇವೆ. ಒಂದು ರಸ್ತೆಯ ಮೈಯದು: ಮಣ್ಣು, ಜಲ್ಲಿ, ಡಾಂಬರು. ಇನ್ನೊಂದು ರಸ್ತೆ ಮೇಲೆ ಓಡಾಡುವವರದು: ಯಾರು, ಎಲ್ಲಿಗೆ, ಬಸ್ಸಲ್ಲೋ ಬೈಕಲ್ಲೋ. ಸೀಟು ಬಿಡುವ ಮಾತು ಆಮೇಲೆ, ಮೊದಲು ಎರಡನೇ ದಾರಿ ಒಮ್ಮೆ ಮುಟ್ಟಿ ನೋಡು ಅಂದೆ. ಎರಡು ದಿನ ಬೆಳಗ್ಗೆ ಊರ ಸರ್ಕಲ್ಲಿನಲ್ಲಿ ಒಂದೊಂದು ಗಂಟೆ ಕೂತು, 15 ನಿಮಿಷಕ್ಕೊಮ್ಮೆ ಗಾಡಿ ಎಣಿಸಬೇಕು. ಆ ಅಂಕಿಗಳಲ್ಲೇ ಸರಾಸರಿ, ಗ್ರಾಫ್ ಮಾಡಬೇಕು. ಇಡೀ ಗಣಿತ ಮತ್ತೆ ಓದಲು ಕೂರಬಾರದು. ಯಾವ ಗೈಡ್ ಯಾವ ಕೆಲಸ ಮಾಡಿಸುತ್ತಾರೆ ಅಂತ ಸೀನಿಯರ್ ಒಬ್ಬರಿಗೆ ಫೋನ್ ಮಾಡಬೇಕು. ಮೊದಲ ಸ್ಟೈಪೆಂಡ್ ತಡವಾಗುವುದುಂಟು, ಮೂರು ತಿಂಗಳ ಖರ್ಚು ಕೈಯಲ್ಲಿರಲಿ. ಮನೆಯವರಿಗೆ ಈಗಲೇ ಏನೂ ಹೇಳುವುದು ಬೇಡ ಅಂತಲೂ ಅಂದೆ, ಯಾಕಂದ್ರೆ ಅಪ್ಪ ಆಗಲೇ ಊರಿಗೆಲ್ಲ ಸ್ವೀಟು ಹಂಚಿಯಾಗಿತ್ತು!

ಹತ್ತು ದಿನಕ್ಕೆ ನೋಟ್‌ಬುಕ್ ಹಿಡಿದು ಬಂದಳು. ಐದೈದರ ಕಟ್ಟು ಕಟ್ಟಿದ ಗೀಟುಗಳು, ಒಂದು ಪುಟಕ್ಕೆ ಟೀ ಕಲೆ. ಹಳ್ಳಿ ರಸ್ತೆಗಳ ಐಆರ್‌ಸಿ (ಇಂಡಿಯನ್ ರೋಡ್ಸ್ ಕಾಂಗ್ರೆಸ್) ಕೋಡ್ ಹುಡುಕಿ ಓದಿದ್ದಳು. ಒಂದು ಗಾಡಿ ಎಷ್ಟು ಕಾರುಗಳಷ್ಟು ರಸ್ತೆ ತಡೆಯುತ್ತದೆ ಎಂಬ ಅದರ ಲೆಕ್ಕದಲ್ಲಿ ಬೈಕ್ ಅಂದರೆ ಅರ್ಧ ಕಾರು, ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್ 4.5 ಕಾರು, ಎತ್ತಿನ ಗಾಡಿ 8 ಕಾರು.

"ಎಂಟಾ ಮೇಡಂ? ನಮ್ಮ ಸರ್ಕಲ್ಲಲ್ಲಿ ಕಬ್ಬಿನ ಗಾಡಿ ತನ್ನ ಪಾಡಿಗೆ ಹೋಗ್ತಿತ್ತು. ಅಡ್ಡ ನಿಲ್ಲಿಸಿದ್ದು ಕಾರಿನವನು. ಪೇಟೆಯೊಳಗೆ ಈ ಲೆಕ್ಕ ಹೇಗೆ ಸರಿಯಾಗುತ್ತೆ?"

ನನಗೇನು ಗೊತ್ತು. ಕ್ಲಾಸಲ್ಲಿ ಮೊದಲ ದಿನವೇ ಕೇಳು ಅಂದೆ. ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ನಿದ್ದೆಯ ವಿಷಯ ಆ ದಿನ ಇಬ್ಬರೂ ಎತ್ತಲಿಲ್ಲ.