ಗಿರಿಜಮ್ಮ ಇನ್ನೂ ಅರಸೀಕೆರೆಯಲ್ಲೇ ಕೂತಿದ್ದಾಳೆ

ಈ ವಾರ ಬಂದ ಒಂದು ಪತ್ರ ಓದಿ ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು. ಸಿಟ್ಟು ಬರೆದವರ ಮೇಲಲ್ಲ. ಯಾರ ಮೇಲೆ ಅಂತ ಮುಂದೆ ಹೇಳುತ್ತೇನೆ.

ಬರೆದವರು ಬೆಂಗಳೂರಿನ ಹೆಣ್ಣುಮಗಳು, ವಯಸ್ಸು 41. ಹೆಸರು ಬೇಡ ಎಂದಿದ್ದಾರೆ. ಟೀವಿ ಧಾರಾವಾಹಿಗೆ ಸಂಭಾಷಣೆ ಬರೆಯುವುದು ಕೆಲಸ. ವಾರಕ್ಕೆ ಆರು ಎಪಿಸೋಡ್. ಬೆಳಿಗ್ಗೆ ಚಿತ್ರಕಥೆ ಫೋನಿಗೆ ಬಂದು ಬೀಳುತ್ತದೆ, ಸಂಜೆಯೊಳಗೆ ಮಾತುಗಳು ಹೊರಡಬೇಕು. ಗುರುವಾರ ಟಿಆರ್‌ಪಿ ಬಂದು, ಕೆಟ್ಟ ಅತ್ತೆ ದಿಢೀರನೆ ಒಳ್ಳೆಯವಳಾಗಿಬಿಟ್ಟರೆ ಬರೆದಿದ್ದನ್ನೇ ಮತ್ತೆ ಬರೆಯಬೇಕು. ಇದು ಹೊಟ್ಟೆಪಾಡು. ಮನಸ್ಸಿಗೆ ಅಂತ ಇರುವುದು ಒಂದು ಕಾದಂಬರಿ. ಶುರು ಮಾಡಿ ಮೂರು ವರ್ಷ ಆಯ್ತು, 11,000 ಪದಕ್ಕೆ ನಿಂತಿದೆ. ಜೊತೆಗೆ ಮಕ್ಕಳ ಕಥೆಗಳದ್ದೊಂದು ಕಟ್ಟು, ಅರ್ಧಕ್ಕೆ ಬಿಟ್ಟ ಒಂದು ನಾಟಕ. ಸಣ್ಣ ಗುರಿ ಇಟ್ಟುಕೋ ಅಂತ ಎಲ್ಲರೂ ಹೇಳಿದ್ದಕ್ಕೆ ದಿನಕ್ಕೆ 300 ಪದ ಅಂತ ಇಟ್ಟುಕೊಂಡರು. ತಪ್ಪಿದ ದಿನದ್ದನ್ನು ಮರುದಿನಕ್ಕೆ ಸೇರಿಸುತ್ತಾ ಹೋದರು. ಈಗ ಬಾಕಿ 40,000 ದಾಟಿದೆಯಂತೆ. ‘ನನಗೆ ಶಿಸ್ತೇ ಇಲ್ಲ ಅಕ್ಕಾ, ವಯಸ್ಸೂ ಆಯ್ತು. ಬಿಟ್ಟುಬಿಡಲಾ?’ ಅಂತ ಕೇಳಿದ್ದಾರೆ.

ವಯಸ್ಸಿನ ಮಾತು ಮೊದಲು ಮುಗಿಸಿಬಿಡೋಣ. ಎಂ.ಕೆ. ಇಂದಿರಾ ಹುಟ್ಟಿದ್ದು 1917ರಲ್ಲಿ, ಅವರ ಮೊದಲ ಕಾದಂಬರಿ ಬಂದಿದ್ದು 1963ರಲ್ಲಿ. ಲೆಕ್ಕ ನೀವೇ ಹಾಕಿಕೊಳ್ಳಿ. ಇನ್ನು ಶಿಸ್ತು. ವಾರಕ್ಕೆ ಆರು ಎಪಿಸೋಡ್, ಅದೂ ಜ್ವರ ಬಂದಾಗಲೂ ತಪ್ಪದೆ ಕಳಿಸುವವರಿಗೆ ಶಿಸ್ತಿಲ್ಲ ಅಂದರೆ ನಾವೆಲ್ಲ ಎಲ್ಲಿಗೆ ಹೋಗಬೇಕು?

ನನ್ನ ಕಣ್ಣು ನಿಂತಿದ್ದು ಬೇರೆ ಕಡೆ. ನಾಲ್ಕು ಪುಟದ ಪತ್ರದಲ್ಲಿ, ಮೂರನೇ ಪುಟದ ಕೆಳಗೆ, ನೀವು ಸುಮ್ನೆ ದಾಟಿಹೋದ ಒಂದು ಸಾಲಿದೆ. ಒಂಬತ್ತು ಬರಹಗಾರರ ವಾಟ್ಸಾಪ್ ಗ್ರೂಪ್ ಇದೆ, ಪ್ರತಿ ಭಾನುವಾರ ರಾತ್ರಿ ವಾರದ ಗುರಿಗಳ ವರದಿ ಹಾಕಬೇಕು, ‘ಅದನ್ನ ಮಾತ್ರ ಎರಡು ವರ್ಷದಿಂದ ಒಂದು ವಾರವೂ ತಪ್ಪಿಸಿಲ್ಲ, ಒಂದೂವರೆ ಗಂಟೆ ಹಿಡಿಯುತ್ತೆ’. ನಮೂನೆಗೆ ಅಂತ ಒಂದು ವರದಿಯನ್ನೂ ಜೊತೆಗಿಟ್ಟಿದ್ದೀರಿ. ನಾನು ಕೂತು ಎಣಿಸಿದೆ. 612 ಪದ.

ವಾರಕ್ಕೆ 600 ಅಂತಲೇ ಹಿಡಿಯೋಣ. ಎರಡು ವರ್ಷಕ್ಕೆ 104 ಭಾನುವಾರ. 62,400 ಪದ. ಅಮೆರಿಕದಲ್ಲಿ 1999ರಲ್ಲಿ ಶುರುವಾದ, ತಿಂಗಳಲ್ಲಿ ಕಾದಂಬರಿ ಬರೆಯುವ ಸವಾಲಿನಲ್ಲಿ ಗೆದ್ದೆ ಅನ್ನಿಸಿಕೊಳ್ಳೋಕೆ 50,000 ಪದ ಸಾಕಿತ್ತು. ತಾಯಿ, ನೀವು ಒಂದು ಕಾದಂಬರಿ ಬರೆದು ಮುಗಿಸಿದ್ದೀರಿ. ಕಾದಂಬರಿ ಯಾಕೆ ಬರೆಯಲಾಗಲಿಲ್ಲ ಅನ್ನುವುದೇ ಅದರ ಕಥೆ, ಅಷ್ಟೆ.

ಆ ವರದಿ ಚೆನ್ನಾಗಿದೆ ಅನ್ನೋದು ಇನ್ನೂ ಸಂಕಟ. ‘ಗಿರಿಜಮ್ಮ ಇನ್ನೂ ಅರಸೀಕೆರೆ ಸ್ಟೇಷನ್ನಿನ ಸಿಮೆಂಟ್ ಬೆಂಚಿನ ಮೇಲೆ ಕೂತಿದ್ದಾಳೆ, ಮಡಿಲಲ್ಲಿ ಸ್ಟೀಲ್ ಡಬ್ಬಿ, ಹದಿನಾಲ್ಕು ತಿಂಗಳಿಂದ ಮುಚ್ಚಳ ತೆಗೆದಿಲ್ಲ’ ಅಂತ ಬರೆದಿದ್ದೀರಿ. ಈ ಸಾಲು ಕಾದಂಬರಿಯಲ್ಲಿ ಇರಬೇಕಿತ್ತು. ಎಂಟು ಜನ ಹೆಬ್ಬೆರಳು ಒತ್ತಿ ಮಲಗಿದರು.

ಈಗ ಸಿಟ್ಟಿನ ವಿಷಯ. ಗ್ರೂಪ್ ನಡೆಸುವ ಒಬ್ಬರು ‘ಸರ್’ ಇದ್ದಾರಂತೆ. ವರದಿ ಚಿಕ್ಕದಾದರೆ ‘ಏನಮ್ಮ, ಈ ವಾರ ಉತ್ಸಾಹ ಕಮ್ಮಿ?’ ಅನ್ನುತ್ತಾರಂತೆ. ಉದ್ದ ಇದ್ದರೆ ಮೂರು ನಕ್ಷತ್ರ. ‘ಪಾಪ, ಅವರೂ ಈ ಎರಡು ವರ್ಷದಲ್ಲಿ ಏನೂ ಬರೆದಿಲ್ಲ’ ಅಂತ ನೀವು ಮರುಕಪಟ್ಟಿದ್ದೀರಿ. ನನಗೆ ಮರುಕ ಬರಲಿಲ್ಲ. ತಾನು ಬರೆಯದವನು ಇನ್ನೊಬ್ಬರ ಬರವಣಿಗೆಗೆ ಹಾಜರಿ ಪುಸ್ತಕ ಹಿಡಿದು ಕೂತರೆ ಹೀಗೇ ಆಗುವುದು. ಅವರಿಗೆ ಬೇಕಾಗಿರುವುದು ಕಾದಂಬರಿ ಅಲ್ಲ, ವರದಿ. ನಾಲ್ಕು ಜನಕ್ಕಿಂತ ಜಾಸ್ತಿ ಇರುವ ಗ್ರೂಪ್ ಮನೆಗೆ ಒಳ್ಳೆಯದಲ್ಲ ಅಂತ ಈ ಅಂಕಣದಲ್ಲಿ ಹಿಂದೆಯೂ ಬರೆದು ಬೈಸಿಕೊಂಡಿದ್ದೇನೆ. ಇನ್ನೊಂದು ಸಲ ಬೈಯಿರಿ, ಪರವಾಗಿಲ್ಲ.

ಮಾಡುವ ಮೊದಲೇ ಹೇಳಿಕೊಂಡರೆ ಕೆಲಸ ಅರ್ಧ ಆದ ಹಾಗೆ ಅನ್ನಿಸಿಬಿಡುತ್ತದೆ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಪೀಟರ್ ಗಾಲ್ವಿಟ್ಜರ್ ಮತ್ತು ಜೊತೆಯವರು 2009ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಕಂಡಿದ್ದೂ ಇದೇ. ತಮ್ಮ ಉದ್ದೇಶವನ್ನು ಬೇರೆಯವರು ಗಮನಿಸಿದ್ದಾರೆ ಅಂತ ಗೊತ್ತಾದವರು ಆಮೇಲೆ ಕೆಲಸಕ್ಕೆ ಕಮ್ಮಿ ಹೊತ್ತು ಕೊಟ್ಟರು. ನಮ್ಮಜ್ಜಿಗೆ ಇದು ಪ್ರಯೋಗ ಮಾಡದೆಯೇ ಗೊತ್ತಿತ್ತು. ಹಪ್ಪಳ ಒಣಗಿ ಡಬ್ಬಿ ಸೇರುವ ತನಕ ಎಷ್ಟು ಇಟ್ಟೆವು ಅಂತ ಪಕ್ಕದ ಮನೆಗೆ ಹೇಳಗೊಡುತ್ತಿರಲಿಲ್ಲ.

ಹಾಗಾದರೆ ಲೆಕ್ಕವೇ ಇಡಬಾರದಾ? ಇಡಿ, ಧಾರಾಳವಾಗಿ ಇಡಿ. ಇಂಗ್ಲಿಷ್ ಕಾದಂಬರಿಕಾರ ಆಂಥೊನಿ ಟ್ರೊಲೊಪ್ ಅಂಚೆ ಇಲಾಖೆಯ ನೌಕರ. ಬೆಳಿಗ್ಗೆ ಐದೂವರೆಗೆ ಮೇಜಿನ ಮುಂದೆ ಕೂತು, ಗಡಿಯಾರ ಎದುರಿಗಿಟ್ಟುಕೊಂಡು, ಕಾಲು ಗಂಟೆಗೆ 250 ಪದ ಬರೆಯುತ್ತಿದ್ದ. ಎಷ್ಟೋ ವರ್ಷ ಕೆಲಸದ ಜೊತೆಗೇ ಬರೆದ, ಜೀವಮಾನದಲ್ಲಿ ಒಟ್ಟು 47 ಕಾದಂಬರಿ. ವಾರಕ್ಕೆ ಸುಮಾರು 40 ಪುಟ ಅವನ ರೂಢಿ, ಪುಟಕ್ಕೆ 250 ಪದ. ಆದರೆ ಈ ಗುರಿ ಒಂದೇ ಥರ ಇರಲಿಲ್ಲ. ಬೇರೆ ಕೆಲಸದ ಹೊರೆ ನೋಡಿಕೊಂಡು ವಾರಕ್ಕೆ 20 ಪುಟಕ್ಕೂ ಇಳಿದಿದೆ, 112ಕ್ಕೂ ಏರಿದೆ. ಎಲ್ಲವನ್ನೂ ಒಂದು ಡೈರಿಯಲ್ಲಿ ಬರೆದಿಟ್ಟ. ಆ ಲೆಕ್ಕ ಓದುಗರ ಕೈಗೆ ಬಂದಿದ್ದು ಅವನು ತೀರಿಕೊಂಡ ಮೇಲೆ, 1883ರಲ್ಲಿ ಆತ್ಮಕಥೆ ಹೊರಬಂದಾಗ. ಆಗಲೂ ಏನಾಯ್ತು? ಇವನೇನು ಚಮ್ಮಾರಿಕೆ ಮಾಡಿದ ಹಾಗೆ ಕಾದಂಬರಿ ಹೊಲಿದನಾ ಅಂತ ಕೆಲವರು ಮೂಗು ಮುರಿದರು. ಸತ್ತ ಮೇಲೆ ಹೇಳಿಕೊಂಡರೂ ನಷ್ಟವೇ.

ಇದೇ ಟ್ರೊಲೊಪ್‌ನನ್ನು ಬೆಳಗಿನ ಜಾವ ಎಬ್ಬಿಸಿ ಕಾಫಿ ತಂದುಕೊಡೋಕೆ, ಕುದುರೆ ನೋಡಿಕೊಳ್ಳುತ್ತಿದ್ದ ಒಬ್ಬ ಮುದುಕನಿದ್ದ. ಅದಕ್ಕೆಂದೇ ವರ್ಷಕ್ಕೆ 5 ಪೌಂಡ್ ಜಾಸ್ತಿ ಸಂಬಳ. ಒಂದು ದಿನವೂ ಕಾಫಿ ತಡವಾಗಲಿಲ್ಲವಂತೆ. ನನ್ನ ಯಶಸ್ಸಿಗೆ ಬೇರೆ ಯಾರಿಗಿಂತಲೂ ಇವನ ಋಣವೇ ದೊಡ್ಡದೇನೋ ಅನ್ನುವ ಅರ್ಥದಲ್ಲಿ ಬರೆದುಕೊಂಡಿದ್ದಾನೆ.

ನಿಮಗೂ ಅಂಥವರು ಒಬ್ಬರಿದ್ದಾರೆ. ಒಂದೂವರೆ ಗಂಟೆಯ ಮಾತಿನ ಪಕ್ಕದಲ್ಲೇ ಕಂಸದೊಳಗೆ ನಾಲ್ಕು ಪದ ಹಾಕಿದ್ದೀರಿ: (ಆಗ ಅತ್ತೆ ಮಗನನ್ನ ಮಲಗಿಸ್ತಾರೆ). ಅಷ್ಟೇ. ಗಂಡ, ನಿರ್ದೇಶಕರು, ಸರ್, ಎಲ್ಲರಿಗೂ ಒಂದೊಂದು ಪ್ಯಾರಾ. ಅತ್ತೆಗೆ ಕಂಸ. ನೂರಾ ನಾಲ್ಕು ಭಾನುವಾರ ಆ ಹೆಂಗಸು, ಸೊಸೆ ಬರೀತಿದಾಳೆ, ಗಲಾಟೆ ಮಾಡಬೇಡ ಅಂತ ಮೊಮ್ಮಗನನ್ನು ತೊಡೆ ಮೇಲೆ ಹಾಕಿಕೊಂಡು ತಟ್ಟಿರುತ್ತಾರೆ. ಒಳಗೆ ನೀವು ನಕ್ಷತ್ರಕ್ಕೆ ಬರೆಯುತ್ತಿದ್ದಿರಿ. ನಿಮ್ಮ ಮೇಲೆ ಕನಿಕರ ಇದೆ, ಆದರೆ ಈ ಪತ್ರದಲ್ಲಿ ನನ್ನ ಕನಿಕರದ ದೊಡ್ಡ ಪಾಲು ಅವರಿಗೇ ಹೋಗುತ್ತದೆ.

ಆ 40,000 ಬಾಕಿಯ ಬಗ್ಗೆಯೂ ಒಂದು ಮಾತು. ನಮ್ಮಮ್ಮ ಅಡುಗೆಮನೆ ಬಾಗಿಲ ಹಿಂದೆ ತೂಗುಹಾಕಿದ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುತ್ತಿದ್ದರು. ಮೊಳೆಗೆ ದಾರ ಕಟ್ಟಿ ಇಳಿಬಿಟ್ಟ ಒಂದು ಮೋಟು ಪೆನ್ಸಿಲ್. ದಿನದ ಚೌಕದೊಳಗೆ ಒಂದು ಅಂತಲೋ, ಅರ್ಧ ಅಂತಲೋ. ನೆಂಟರು ಬಂದ ದಿನ ಒಂದೂವರೆ. ಹಾಲಿನವನು ಬಾರದ ದಿನ ಸೊನ್ನೆ. ನಿನ್ನೆ ಬರಲಿಲ್ಲ ಅಂತ ಇವತ್ತು ಎರಡು ಲೀಟರ್ ಹಾಕಿಸಿಕೊಂಡಿದ್ದನ್ನು ನಾನು ನೋಡಲೇ ಇಲ್ಲ. ನಿನ್ನೆಯ ಕಾಫಿಯನ್ನು ಇವತ್ತು ಕುಡಿಯೋಕಾಗುತ್ತಾ? ತಿಂಗಳ ಕೊನೆಗೆ ಕೂಡಿಸಿ, ದುಡ್ಡು ಎಣಿಸಿ ಕೊಟ್ಟು, ಹಾಳೆ ಮಗುಚುತ್ತಿದ್ದರು. ನಿಮ್ಮ ಬಾಕಿಯ ಹಾಳೆಯನ್ನೂ ಮಗುಚಿ. ಅದು ಯಾರಿಗೂ ಕೊಡಬೇಕಾದ ಸಾಲ ಅಲ್ಲ.

ಮಕ್ಕಳ ಕಥೆ, ನಾಟಕ ಸದ್ಯಕ್ಕೆ ಅಟ್ಟದ ಮೇಲಿರಲಿ, ಕೆಡುವ ಪದಾರ್ಥವಲ್ಲ. ದಿನಕ್ಕೆ 300 ಪದವೂ ಬೇಡ. ದಿನವಿಡೀ ಬೇರೆಯವರ ಬಾಯಿಗೆ ಮಾತು ಬರೆದು ಸೋತ ಕೈ ಅದು, ಅದರಿಂದ ರಾತ್ರಿ ಮತ್ತೆ ಪದ ಎಣಿಸಬೇಡಿ.

ಮಾಡಬೇಕಾಗಿರುವುದು ಒಂದೇ. ಈ ಭಾನುವಾರ ವರದಿ ಹಾಕಬೇಡಿ. ಗ್ರೂಪ್ ಬಿಡುತ್ತಿದ್ದೇನೆ ಅಂತ ವಿದಾಯದ ಭಾಷಣವನ್ನೂ ಹಾಕಬೇಡಿ, ನಿಮ್ಮ ಕೈಗೆ ಅದೂ 600 ಪದ ಆಗುತ್ತದೆ. ಫೋನನ್ನು ಅತ್ತೆಯ ಹತ್ತಿರ ಕೊಡಿ. ಯಾಕೆ ಅಂತ ನಿಜ ಹೇಳಿ, ಅವರು ಬೈದರೆ ಬೈಸಿಕೊಳ್ಳಿ. ಅದೇ ಕುರ್ಚಿ, ಅದೇ ಒಂದೂವರೆ ಗಂಟೆ. ಸಂಭಾಷಣೆ ಬರೆಯುವವರು ನೀವು, ಡಬ್ಬಿಯಲ್ಲಿ ಏನಿದೆ ಅಂತ ಪಕ್ಕದಲ್ಲಿ ಕೂತವರು ಯಾರಾದರೂ ಗಿರಿಜಮ್ಮನನ್ನು ಕೇಳಲಿ. ಆಕೆ ಮುಚ್ಚಳ ತೆಗೆಯಲಿ, ರೈಲು ಹತ್ತಲಿ. ಎಷ್ಟು ಪದ ಆಯ್ತು ಅಂತ ನೋಡಬೇಡಿ.

ರೈಲು ಮೈಸೂರಿನ ಕಡೆಗೋ, ಹುಬ್ಬಳ್ಳಿ ಕಡೆಗೋ, ಅದನ್ನು ನನಗೂ ಬರೆದು ತಿಳಿಸಬೇಡಿ.